ಹೂವಿನಿಂದ ಮಾಡಿದ ಹೆಣ್ಣು, ತಟ್ಟೆಯ ಮೇಲಿನ ಗೂಬೆ



ಹೈಸ್ಕೂಲು ಮೇಷ್ಟ್ರೊಬ್ಬರ ನೆನಪಿಗೆ ಇಟ್ಟ ದತ್ತಿಯ ಉಪನ್ಯಾಸ ಇದು. ಹಾಗಾಗಿ ಹೈಸ್ಕೂಲು ಮುಗಿಸುವ ವಯಸ್ಸಿನ ಮಕ್ಕಳ ಕೈಗೆ ಕೊಡಬಹುದಾದ ಒಂದು ಕಾದಂಬರಿಯ ಬಗ್ಗೆ ಮಾತಾಡೋಣ ಅಂದುಕೊಂಡೆ. ಅಲನ್ ಗಾರ್ನರ್ ಅವರು ಬರೆದ 'ದಿ ಔಲ್ ಸರ್ವಿಸ್' ಅದರ ಹೆಸರು. 1967ರಲ್ಲಿ ಬಂತು. ಆ ವರ್ಷದ ಕಾರ್ನೆಗಿ ಪದಕವೂ ಗಾರ್ಡಿಯನ್ ಪತ್ರಿಕೆಯ ಮಕ್ಕಳ ಸಾಹಿತ್ಯದ ಪ್ರಶಸ್ತಿಯೂ ಅದಕ್ಕೆ ಸಿಕ್ಕವು. ಗೂಬೆಯ ಚಿತ್ತಾರವಿರುವ ಒಂದು ಸೆಟ್ಟು ಊಟದ ತಟ್ಟೆಗಳಿಂದ ಶುರುವಾಗುವ ಕಥೆ. ಹಳೆಯ ಐತಿಹ್ಯವನ್ನು ಹೊಸದಾಗಿ ಹೇಳುವ ಕಾದಂಬರಿಗಳು ಈಗ ಅಂಗಡಿ ತುಂಬ ಇವೆ. ಅವುಗಳ ನಡುವೆ ಇಷ್ಟು ಹಳೆಯದೊಂದನ್ನು ಹುಡುಕಿ ತೆಗೆದದ್ದು ಯಾಕೆಂದರೆ, ಪುರಾಣ ಅನ್ನುವುದು ಎಳೆಯರಿಗೆ ಆಸ್ತಿಯಾಗಿ ಬರುತ್ತದೋ ಸಾಲವಾಗಿ ಬರುತ್ತದೋ ಎಂಬ ಪ್ರಶ್ನೆಯನ್ನು ಇದರಷ್ಟು ನಿಷ್ಠುರವಾಗಿ ಕೇಳಿದ ಇನ್ನೊಂದು ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲು ಹಳೆಯ ಕಥೆ. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ಬ್ರಿಟನ್ನಿನ ಪಶ್ಚಿಮದ ಗುಡ್ಡಗಾಡು ವೇಲ್ಸ್. ಅಲ್ಲಿಯ ಮಧ್ಯಯುಗದ ಕಥೆಗಳ ಗುಚ್ಛಕ್ಕೆ 'ಮಾಬಿನೋಗಿಯನ್' ಎಂದು ಹೆಸರು. ಹದಿನಾಲ್ಕನೆಯ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ, ಬಿಳಿ ಪುಸ್ತಕ ಮತ್ತು ಕೆಂಪು ಪುಸ್ತಕ ಎಂದು ಕರೆಯುವ ಪ್ರತಿಗಳಲ್ಲಿ, ಅವು ಉಳಿದು ಬಂದವು. ಬಾಯಿಂದ ಬಾಯಿಗೆ ಬಂದ ಕಾಲ ಅದಕ್ಕಿಂತ ಬಹಳ ಹಿಂದಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಲೇಡಿ ಷಾರ್ಲಟ್ ಗೆಸ್ಟ್ ಅವುಗಳನ್ನು ಇಂಗ್ಲಿಷಿಗೆ ತಂದ ಮೇಲೆ ಹೊರಗಿನವರಿಗೂ ಗೊತ್ತಾದವು. ಈ ಗುಚ್ಛದ 'ನಾಲ್ಕನೆಯ ಶಾಖೆ' ಎಂಬ ಕಥೆಯಲ್ಲಿ ಲ್ಲೈ ಎಂಬ ಹುಡುಗನಿದ್ದಾನೆ. ಹೆತ್ತ ತಾಯಿ ಅರಿಯನ್‌ರೋದ್‌ಗೆ ಅವನನ್ನು ಕಂಡರಾಗದು. ಮೂರು ಶಾಪ ಹಾಕುತ್ತಾಳೆ: ನಾನಾಗಿ ಇಡುವ ತನಕ ನಿನಗೆ ಹೆಸರಿಲ್ಲ, ನಾನಾಗಿ ತೊಡಿಸುವ ತನಕ ಆಯುಧವಿಲ್ಲ, ಈ ಭೂಮಿಯ ಮೇಲಿನ ಯಾವ ಕುಲದ ಹೆಣ್ಣೂ ನಿನಗೆ ಹೆಂಡತಿಯಾಗಳು. ಮೊದಲಿನ ಎರಡನ್ನು ಹುಡುಗನನ್ನು ಸಾಕಿದ ಮಾಯಾವಿ ಗ್ವಿದ್ಯೋನ್ ತನ್ನ ಚಾಲಾಕಿನಿಂದ ಕಳೆಯುತ್ತಾನೆ. ಮೂರನೆಯದು ಬಿಗಿಯಾದದ್ದು. ಆಗ ಗ್ವಿದ್ಯೋನ್ ಮತ್ತು ಅವನ ಸೋದರಮಾವ, ರಾಜ ಮಾಥ್, ಇಬ್ಬರೂ ಸೇರಿ ಓಕ್ ಮರದ ಹೂವು, ಬ್ರೂಮ್ ಎಂಬ ಹಳದಿ ಹೂಗಿಡದ ಹೂವು, ಮೆಡೋಸ್ವೀಟ್ ಎಂಬ ತೇವದ ಹುಲ್ಲುಗಾವಲಿನ ಬಿಳಿ ಹೂವು, ಇವನ್ನೆಲ್ಲ ತಂದು ಮಂತ್ರ ಹಾಕಿ ಒಂದು ಹೆಣ್ಣನ್ನು ಮಾಡುತ್ತಾರೆ. ಬ್ಲೊಡೈವೆದ್ ಎಂದು ಹೆಸರಿಡುತ್ತಾರೆ. ಲ್ಲೈಗೆ ಮದುವೆ ಮಾಡಿ ಕೊಡುತ್ತಾರೆ. ಅವಳನ್ನು ಯಾರೂ ಒಂದು ಮಾತು ಕೇಳಿದ ಹಾಗೆ ಕಥೆಯಲ್ಲಿಲ್ಲ.

ಒಂದು ದಿನ ಲ್ಲೈ ಊರಲ್ಲಿಲ್ಲ. ಬೇಟೆಗೆ ಬಂದ ಪಕ್ಕದ ಸೀಮೆಯ ಒಡೆಯ ಗ್ರೊನೂ ಎಂಬವನು ರಾತ್ರಿ ತಂಗಲು ಬರುತ್ತಾನೆ. ಅವಳು ಮೊದಲ ಸಲ ತಾನಾಗಿ ಒಬ್ಬನನ್ನು ಮೆಚ್ಚುತ್ತಾಳೆ. ಇಬ್ಬರೂ ಗಂಡನನ್ನು ಕೊಲ್ಲುವ ಸಂಚು ಹೂಡುತ್ತಾರೆ. ಆದರೆ ಲ್ಲೈಯ ಸಾವು ಸುಲಭದ್ದಲ್ಲ. ಮನೆಯೊಳಗೂ ಸಾಯುವವನಲ್ಲ, ಹೊರಗೂ ಅಲ್ಲ. ಕುದುರೆಯ ಮೇಲೂ ಅಲ್ಲ, ನೆಲದ ಮೇಲೆ ನಿಂತೂ ಅಲ್ಲ. ಇದನ್ನು ಕೇಳುವಾಗ ನಿಮ್ಮಲ್ಲಿ ಅರ್ಧ ಜನರ ಮನಸ್ಸು ಹಿರಣ್ಯಕಶಿಪುವಿನ ಹೊಸ್ತಿಲಿಗೆ ಹೋಗಿರುತ್ತದೆ, ಹೋಗಲಿ. ವ್ಯತ್ಯಾಸ ಇಷ್ಟೇ: ಅಲ್ಲಿ ಆ ಸಂದಿಯನ್ನು ಹುಡುಕಿದವನು ದೇವರು, ಇಲ್ಲಿ ಹೆಂಡತಿ. ಕಾಳಜಿಯ ನೆಪ ಮಾಡಿ ಗಂಡನ ಬಾಯಿಂದಲೇ ಅವಳು ಗುಟ್ಟು ಬಿಡಿಸುತ್ತಾಳೆ. ಹೊಳೆಯ ದಡದಲ್ಲಿ ಸೂರು ಕಟ್ಟಿದ ಒಂದು ಸ್ನಾನದ ತೊಟ್ಟಿ, ಪಕ್ಕದಲ್ಲಿ ಒಂದು ಹೋತ. ಒಂದು ಕಾಲು ತೊಟ್ಟಿಯ ಅಂಚಿನ ಮೇಲೆ, ಇನ್ನೊಂದು ಹೋತದ ಬೆನ್ನ ಮೇಲೆ ಇಟ್ಟು ನಿಂತಾಗ ಮಾತ್ರ ಸಾವು. ಅದೂ ಭಾನುವಾರದ ಪೂಜೆಯ ಹೊತ್ತಿನಲ್ಲಿ ಮಾತ್ರ ಕೆಲಸ ಮಾಡಿ, ಒಂದು ವರ್ಷ ಹಿಡಿದು ಮಾಡಿದ ಈಟಿಯಿಂದ. ವರ್ಷ ಕಳೆದ ಮೇಲೆ 'ಹೇಗೆ ನಿಲ್ಲಬೇಕು, ತೋರಿಸು ನೋಡೋಣ' ಅನ್ನುತ್ತಾಳೆ. ಆ ಪೆದ್ದ ಹೋತದ ಮೇಲೆ ಕಾಲಿಟ್ಟು ತೋರಿಸುತ್ತಾನೆ. ಈಟಿ ಬೀಳುತ್ತದೆ. ಲ್ಲೈ ಹದ್ದಾಗಿ ಕಿರುಚುತ್ತ ಹಾರಿಹೋಗುತ್ತಾನೆ.

ಗ್ವಿದ್ಯೋನ್ ಅವನನ್ನು ಹುಡುಕಿ ತರುತ್ತಾನೆ. ಇನ್ನು ಸೇಡು. ಗ್ರೊನೂಗೆ ಹೇಳುತ್ತಾರೆ, ಅದೇ ಹೊಳೆಯ ದಡದಲ್ಲಿ ನೀನೂ ಒಂದು ಏಟು ತಿನ್ನು. ತನ್ನ ಬದಲಿಗೆ ಯಾರಾದರೂ ನಿಲ್ಲುತ್ತೀರಾ ಎಂದು ಅವನು ತನ್ನ ಸೈನ್ಯವನ್ನೆಲ್ಲ ಕೇಳುತ್ತಾನೆ. ಒಬ್ಬನೂ ಮುಂದೆ ಬರುವುದಿಲ್ಲ. ಹೆಣ್ಣಿನ ಮಾತಿಗೆ ಸಿಕ್ಕು ಹೀಗಾಯಿತು, ನಡುವೆ ಒಂದು ಚಪ್ಪಡಿ ಇಟ್ಟುಕೊಳ್ಳುತ್ತೇನೆ ಎಂದು ಬೇಡುತ್ತಾನೆ. ಒಪ್ಪುತ್ತಾರೆ. ಈಟಿ ಚಪ್ಪಡಿಯನ್ನು ತೂತು ಮಾಡಿಕೊಂಡು ಅವನನ್ನೂ ತೂರಿಹೋಗುತ್ತದೆ. ಬ್ಲೊಡೈವೆದ್‌ಗೆ ಸಾವಿಲ್ಲ. ಅವಳನ್ನು ಗೂಬೆ ಮಾಡುತ್ತಾರೆ. ಹಗಲು ಮುಖ ತೋರಿಸಬಾರದು, ಕಂಡ ಹಕ್ಕಿಗಳೆಲ್ಲ ಅಟ್ಟಿ ಕುಕ್ಕಬೇಕು. ಇಬ್ಬರು ಗಂಡಸರು ತಮ್ಮ ಅನುಕೂಲಕ್ಕೆ ಒಂದು ಜೀವ ಮಾಡಿ, ಅದು ಕೆಟ್ಟಾಗ ಎಲ್ಲವನ್ನೂ ಅದರ ತಲೆಗೆ ಕಟ್ಟಿದರು. ಗೂಬೆ ಕೂರಿಸುವುದು ಎಂದು ನಾವು ದಿನಾ ಅನ್ನುವುದನ್ನು ಅವರು ಅಕ್ಷರಶಃ ಮಾಡಿದರು.

ಇಲ್ಲಿ ಒಂದು ನಿಮಿಷ ನಮ್ಮ ಕಡೆಗೆ ತಿರುಗುತ್ತೇನೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಬಡ ಹುಡುಗಿಯೊಬ್ಬಳು ಹೂಬಿಡುವ ಮರವಾಗುತ್ತಾಳೆ. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಅವರ ಇಂಗ್ಲಿಷ್ ಸಂಕಲನಕ್ಕೆ ಈ ಕಥೆಯದೇ ಹೆಸರು. ಒಂದು ಬಿಂದಿಗೆ ನೀರು ಹೊಯ್ದರೆ ಅವಳು ಮರ, ಇನ್ನೊಂದು ಬಿಂದಿಗೆ ಹೊಯ್ದರೆ ಮತ್ತೆ ಮನುಷ್ಯಳು. ಅಮ್ಮನಿಗೆ ಕೈಲಾದಷ್ಟು ನೆರವಾಗಲಿ ಎಂದು ತಾನಾಗಿ ಮಾಡಿದ ಕೆಲಸ. ಹೂ ಕೀಳುವಾಗ ಒಂದು ಎಲೆಯೂ ನೋಯಬಾರದು ಎಂದು ಅಕ್ಕನಿಗೆ ಹೇಳಿಕೊಟ್ಟಿರುತ್ತಾಳೆ. ರಾಜಕುಮಾರನ ಜೊತೆ ಮದುವೆಯಾದ ಮೇಲೆ ನಾದಿನಿ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಗೆಳತಿಯರ ಮುಂದೆ ಮರ ಮಾಡಿಸಿ, ಕೊಂಬೆ ಮುರಿದು, ಸರಿಯಾಗಿ ನೀರೂ ಹೊಯ್ಯದೆ ಬಿಟ್ಟು ಓಡಿಬಿಡುತ್ತಾಳೆ. ಕೈಕಾಲಿಲ್ಲದ ಅರ್ಧ ಜೀವವಾಗಿ ಅವಳು ಮೋರಿಯಲ್ಲಿ ಬಿದ್ದಿರುತ್ತಾಳೆ. ಹೂವಿಂದ ಹೆಣ್ಣಾದವಳು ವೇಲ್ಸಿನಲ್ಲಿ, ಹೆಣ್ಣಿಂದ ಹೂವಾದವಳು ಕನ್ನಡದಲ್ಲಿ. ಎರಡೂ ಕಡೆ ಹೂವನ್ನು ಬಯಸುವವರು ಬಹಳ, ನೀರು ಹೊಯ್ಯುವವರು ಕಡಿಮೆ. ಆದರೆ ನಮ್ಮ ಕಥೆಯನ್ನು ಹೆಂಗಸರು ಹೆಂಗಸರಿಗೆ ಹೇಳಿದರು. ಅದಕ್ಕೇ ಇರಬೇಕು, ಕೊನೆಯಲ್ಲಿ ಗಂಡ ಮುರಿದ ಕೊಂಬೆಗಳನ್ನು ಒಂದೊಂದಾಗಿ ಕೂಡಿಸುತ್ತಾನೆ. ವೇಲ್ಸಿನ ಹಸ್ತಪ್ರತಿಯಲ್ಲಿ ಅಂಥ ಕೈ ಯಾವುದೂ ಇಲ್ಲ. ಆ ಇಲ್ಲದ ಕೈಯ ಜಾಗದಲ್ಲಿಯೇ ಗಾರ್ನರ್ ತಮ್ಮ ಕಾದಂಬರಿಯನ್ನು ಕಟ್ಟಿದರು.

ಗಾರ್ನರ್ ವೇಲ್ಸಿನವರಲ್ಲ. 1934ರಲ್ಲಿ ಇಂಗ್ಲೆಂಡಿನ ಚೆಷೈರ್ ಸೀಮೆಯಲ್ಲಿ, ಕೈಕೆಲಸದ ಮನೆತನದಲ್ಲಿ ಹುಟ್ಟಿದವರು. ಅಜ್ಜ ಕಮ್ಮಾರ. ಆಲ್ಡರ್ಲಿ ಎಡ್ಜ್ ಎಂಬ ಗುಡ್ಡದ ಕೆಳಗೆ ವೀರರು ಮಲಗಿದ್ದಾರೆ, ಅವರಿಗೊಂದು ಬಿಳಿ ಕುದುರೆ ಕಡಿಮೆ ಬಿದ್ದು ಮಾಂತ್ರಿಕನೊಬ್ಬ ರೈತನ ಹತ್ತಿರ ಕೊಳ್ಳಲು ಬಂದ ಎಂಬ ಊರಿನ ಕಥೆಯನ್ನು ಆ ಅಜ್ಜನೇ ಹೇಳಿದ್ದು. ಚಿಕ್ಕಂದಿನಲ್ಲಿ ಮೇಲಿಂದ ಮೇಲೆ ಕಾಯಿಲೆ. ತಿಂಗಳುಗಟ್ಟಲೆ ಹಾಸಿಗೆಯ ಮೇಲೆ ಮಲಗಿ ಮಾಳಿಗೆ ನೋಡುವುದು. ಶಾಲೆಯಲ್ಲಿ ಮನೆಮಾತಿನಂತೆ ಉಚ್ಚರಿಸಿದ್ದಕ್ಕೆ ಬಾಯಿಗೆ ಸೋಪು ಹಾಕಿ ತೊಳೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅದೇ ಹುಡುಗ ಮುಂದೆ ಆಕ್ಸ್‌ಫರ್ಡಿಗೆ ಹೋದ. ಓದನ್ನು ನಡುವೆ ಬಿಟ್ಟು ಬಂದು ಊರಿನ ಹತ್ತಿರವೇ ಒಂದು ಹಳೆಯ ಮನೆ ಹಿಡಿದು 1957ರಿಂದ ಅಲ್ಲೇ ನೆಲೆನಿಂತ. ಅವರು ಓದಿದ ಮಾಡ್ಲಿನ್ ಕಾಲೇಜಿಗೇ ಕೆಲವು ವರ್ಷಗಳ ನಂತರ ನಮ್ಮ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಹೋದರು. ಇಬ್ಬರಿಗೂ ಪರಿಚಯವಿತ್ತೆಂದು ಹೇಳುತ್ತಿಲ್ಲ. ಆದರೆ ಕಾರ್ನಾಡರ ಹೆಸರು ಮತ್ತೆ ಬರುತ್ತದೆ, ನೆನಪಿಟ್ಟಿರಿ.

ಗಾರ್ನರ್ ಅವರ ಮೊದಲ ಮಕ್ಕಳ ಕಾದಂಬರಿ 1960ರದ್ದು. ಅದರಲ್ಲಿ ಮಾಂತ್ರಿಕರು, ಕುಬ್ಜರು, ದುಷ್ಟಶಕ್ತಿಗಳೆಲ್ಲ ಜಾತ್ರೆಗೆ ಬಂದಂತೆ ಬರುತ್ತಾರೆ. ಚೆನ್ನಾಗಿಯೇ ಓಡಿತು. ಗಾರ್ನರ್‌ಗೆ ಮಾತ್ರ ಅದು ಬೇಗ ಸಾಕಾಯಿತು. ಐತಿಹ್ಯದ ಪಾತ್ರಗಳಿಗೆ ಕಿರೀಟ ತೊಡಿಸಿ ಓಡಾಡಿಸುವುದು ಅಷ್ಟು ಕಷ್ಟದ ಕೆಲಸವಲ್ಲ ಎಂದು ಕಂಡುಕೊಂಡವರ ಹಾಗೆ, ಒಂದೊಂದು ಪುಸ್ತಕದಲ್ಲೂ ಕಿರೀಟಗಳನ್ನು ಕಳಚುತ್ತಾ ಬಂದರು. ನಾಲ್ಕನೆಯದಾದ 'ದಿ ಔಲ್ ಸರ್ವಿಸ್'ನಲ್ಲಿ ಒಬ್ಬ ಮಾಂತ್ರಿಕನೂ ಇಲ್ಲ. ಇರುವುದು ರಜೆಗೆ ಬಂದ ಒಂದು ಸಂಸಾರ, ಅಡುಗೆಯವಳು, ಅವಳ ಮಗ, ಮತ್ತು ಮಾಲಿ.

ಆ ತಟ್ಟೆಗಳು ಕಟ್ಟುಕಥೆಯಲ್ಲ. ಮುಂದೆ ಗಾರ್ನರ್ ಅವರ ಹೆಂಡತಿಯಾದ ಗ್ರಿಸೆಲ್ಡಾ ಗ್ರೀವ್ಸ್ ಅವರ ತಾಯಿಯ ಮನೆಯಲ್ಲಿ ಇದ್ದವು. ವಿಕ್ಟೋರಿಯಾ ಕಾಲದ ವಿನ್ಯಾಸಕಾರ ಕ್ರಿಸ್ಟೋಫರ್ ಡ್ರೆಸರ್‌ದೆಂದು ಗುರುತಿಸಿರುವ ಚಿತ್ತಾರ. ಒಂದು ರೀತಿ ನೋಡಿದರೆ ಬರಿಯ ಹೂಬಳ್ಳಿ. ಇನ್ನೊಂದು ರೀತಿ ನೋಡಿದರೆ ತುಂಡು ತುಂಡಾಗಿ ಬಿಡಿಸಿಟ್ಟ ಗೂಬೆ: ರೆಕ್ಕೆ ಒಂದು ಕಡೆ, ತಲೆ ಒಂದು ಕಡೆ. ಗ್ರಿಸೆಲ್ಡಾ ಆ ಚಿತ್ತಾರವನ್ನು ಕಾಗದಕ್ಕೆ ಇಳಿಸಿ, ಕತ್ತರಿಸಿ, ಮಡಚಿ, ಗೂಬೆಯ ಗೊಂಬೆ ಮಾಡಿದರು. ಹೂವಿನಿಂದ ಮಾಡಿದ ಹೆಣ್ಣು ಗೂಬೆಯಾದ ಕಥೆ ಗಾರ್ನರ್ ಅವರ ತಲೆಯಲ್ಲಿ ಆಗಲೇ ಇತ್ತು. ವೇಲ್ಸಿನ ಲ್ಲಾನಮೌದ್ವಿ ಕಣಿವೆಯ ಒಂದು ಹಳೆಯ ಮನೆಯಲ್ಲಿ ಉಳಿದುಕೊಂಡಾಗ ಕಥೆಗೆ ನೆಲ ಸಿಕ್ಕಿತು. ಬರೆಯುವುದಕ್ಕೆ ಮೊದಲು ವೇಲ್ಷ್ ಭಾಷೆಯನ್ನೂ ಕಲಿತರು. ಹಾಗೆ ಕಲಿತರೂ ಪುಸ್ತಕದಲ್ಲಿ ಅದನ್ನು ಮೆರೆಸಲಿಲ್ಲ, ಅಲ್ಲಲ್ಲಿ ಒಂದೊಂದು ಮಾತಷ್ಟೇ. ಪಾತ್ರಗಳು ಆಡುವ ಇಂಗ್ಲಿಷಿನ ಅಡಿಯಲ್ಲಿ ಮಾತ್ರ ಆ ನುಡಿಯ ಕಟ್ಟು ಇದೆ.

ಕಾದಂಬರಿ ಶುರುವಾಗುವುದು ಕಾಯಿಲೆ ಬಿದ್ದ ಹುಡುಗಿಯ ಕೋಣೆಯಲ್ಲಿ. ಆಲಿಸನ್ ಮಲಗಿದ್ದಾಳೆ. ತಲೆಯ ಮೇಲೆ ಅಟ್ಟದಲ್ಲಿ ಪರಚುವ ಸದ್ದು. ಇಲಿ ಇರಬೇಕು ಅಂದುಕೊಳ್ಳುತ್ತಾರೆ. ಅಡುಗೆಯವಳ ಮಗ ಗ್ವಿನ್ ಹತ್ತಿ ನೋಡಿದರೆ ಧೂಳು ಹಿಡಿದ ತಟ್ಟೆಗಳ ರಾಶಿ. ಒಂದನ್ನು ಕೆಳಗೆ ತರುತ್ತಾನೆ. ಆಲಿಸನ್ ಅದರ ಮೇಲೆ ತೆಳು ಕಾಗದವಿಟ್ಟು ಗೆರೆ ಎಳೆದು, ತುಂಡು ಜೋಡಿಸಿ, ಗೂಬೆ ಮಾಡುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಕಾಗದದ ಗೂಬೆ ಕಾಣೆ. ತಟ್ಟೆ ನೋಡಿದರೆ ಚಿತ್ತಾರವೂ ಇಲ್ಲ, ಬೋಳು ಬಿಳುಪು. ಅವಳು ಇನ್ನೊಂದು ತಟ್ಟೆ ಕೇಳುತ್ತಾಳೆ. ನಿದ್ದೆಗೆಟ್ಟವಳ ಹಾಗೆ, ಸಿಟ್ಟು ಸಿಟ್ಟಾಗಿ, ಒಂದಾದ ಮೇಲೆ ಒಂದು ಗೂಬೆ ಮಾಡುತ್ತ ಹೋಗುತ್ತಾಳೆ. ಗಾರ್ನರ್ ಇದನ್ನೆಲ್ಲ ವರ್ಣಿಸುವುದಿಲ್ಲ. ಪುಟ ತುಂಬ ಬರೀ ಸಂಭಾಷಣೆ. ಯಾರು ಯಾವ ಮಾತು ಆಡಿದರೆಂದು ಕೂಡ ಕೆಲವೆಡೆ ನಾವೇ ಲೆಕ್ಕ ಹಾಕಬೇಕು. ಹೆದರಿಸುವ ಸಂಗೀತ ಹಿನ್ನೆಲೆಯಲ್ಲಿ ಇಲ್ಲದಿರುವುದರಿಂದಲೇ ಭಯವಾಗುತ್ತದೆ. ಇತ್ತ ಆಲಿಸನ್‌ಳ ಮಲತಂದೆಯ ಮಗ ರಾಜರ್ ಹೊಳೆದಂಡೆಯಲ್ಲಿ ತೂತಿರುವ ಒಂದು ಚಪ್ಪಡಿಯ ಹತ್ತಿರ ಬಿಸಿಲು ಕಾಯುತ್ತ ಮಲಗಿದ್ದಾಗ ಏನೋ ಸುಯ್ಯೆಂದು ಪಕ್ಕದಲ್ಲಿ ಹಾದುಹೋದಂತಾಗುತ್ತದೆ, ಒಂದು ಕಿರುಚು ಕೇಳುತ್ತದೆ. ಮನೆಯ ಬಿಲಿಯರ್ಡ್ಸ್ ಕೋಣೆಯ ಗೋಡೆಯ ಗಾರೆ ಉದುರಿ, ಒಳಗಿಂದ ಹೂಗಳ ನಡುವೆ ನಿಂತ ಹೆಣ್ಣಿನ ಚಿತ್ರ ಹೊರಬರುತ್ತದೆ. ಹತ್ತಿರ ಹೋದರೆ ಹೂವಿನ ಎಸಳುಗಳೆಲ್ಲ ಉಗುರುಗಳು.

ಹೀಗೆ ಮೂವರು: ಆಲಿಸನ್, ಗ್ವಿನ್, ರಾಜರ್. ಬ್ಲೊಡೈವೆದ್, ಲ್ಲೈ, ಗ್ರೊನೂ. ಹಳೆಯ ಅಚ್ಚಿನೊಳಕ್ಕೆ ಹೊಸ ಮಕ್ಕಳು ಬೀಳುತ್ತಿದ್ದಾರೆ ಎಂದು ಓದುಗನಿಗೆ ಬೇಗ ತಿಳಿಯುತ್ತದೆ. ಮಕ್ಕಳಿಗೆ ತಿಳಿಯುವುದು ತಡವಾಗಿ. ಇಷ್ಟೇ ಆಗಿದ್ದರೆ ಇದೊಂದು ಜಾಣ ದೆವ್ವದ ಕಥೆ ಆಗುತ್ತಿತ್ತು. ನನಗೆ ಮುಖ್ಯವಾದದ್ದು ಗ್ವಿನ್.

ಗ್ವಿನ್ ಆ ಕಣಿವೆಗೆ ಬಂದದ್ದು ಅದೇ ಮೊದಲು. ಆದರೆ ಅದರ ಒಂದೊಂದು ತಿರುವೂ ಅವನಿಗೆ ಗೊತ್ತು, ತಾಯಿ ನ್ಯಾನ್ಸಿ ಅಬರಿಸ್ಟ್‌ವಿತ್ ಪಟ್ಟಣದಲ್ಲಿ ಕೂತು ಹೇಳಿ ಹೇಳಿ. ಕಣಿವೆಯನ್ನು ಅಷ್ಟು ಹೇಳುವ ಆ ತಾಯಿಯೇ ಮಗ ಮಾಲಿಯ ಜೊತೆ ವೇಲ್ಷ್ ಆಡಿದರೆ ಉರಿದು ಬೀಳುತ್ತಾಳೆ. ನೀನು ಕೂಲಿಯವನ ಹಾಗೆ ಮಾತಾಡಲಿ ಎಂದು ನಾನು ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದೆನೇ ಎಂಬ ರೀತಿ. ಮಾತು ಮೀರಿದರೆ ಶಾಲೆ ಬಿಡಿಸಿ ಅಂಗಡಿಯ ಗಲ್ಲಾ ಮುಂದೆ ನಿಲ್ಲಿಸುತ್ತೇನೆ ಎಂಬ ಬೆದರಿಕೆ. ಹುಡುಗ ಜಾಣ. ಮೇಲೆ ಹೋಗಬೇಕಾದರೆ ಇಂಗ್ಲಿಷನ್ನು ದೊಡ್ಡ ಮನೆಯವರ ಹಾಗೆ ಉಚ್ಚರಿಸಬೇಕು ಎಂದು ಗೊತ್ತಿದೆ. ಉಚ್ಚಾರಣೆ ಕಲಿಸುವ ಗ್ರಾಮಫೋನ್ ತಟ್ಟೆಗಳನ್ನು ಗುಟ್ಟಾಗಿ ಕೊಂಡಿಟ್ಟುಕೊಂಡಿದ್ದಾನೆ. ನಂಬಿಕೆಯಿಂದ ಆಲಿಸನ್‌ಗೆ ಒಬ್ಬಳಿಗೇ ಹೇಳುತ್ತಾನೆ. ಅದು ರಾಜರ್‌ನ ಕಿವಿಗೆ ಬೀಳುತ್ತದೆ. ರಾಜರ್ ಆ ತಟ್ಟೆಗಳ ಧಾಟಿಯನ್ನು ಅಣಕಿಸಿ ನಗುತ್ತಾನೆ. ಕಾದಂಬರಿಯಲ್ಲಿ ಈಟಿ ಬೀಳುವ ಜಾಗ ಇದೇ. ಹೊಳೆ ದಡವಿಲ್ಲ, ಹೋತವಿಲ್ಲ, ತೊಟ್ಟಿಯಿಲ್ಲ. ಲ್ಲೈ ತನ್ನ ಸಾವಿನ ಗುಟ್ಟನ್ನು ಪ್ರೀತಿಸಿದವಳಿಗೆ ಹೇಳಿದ ಹಾಗೆಯೇ ಈ ಹುಡುಗ ತನ್ನ ನಾಚಿಕೆಯ ಗುಟ್ಟನ್ನು ಹೇಳಿದ. ಏಟು ಎಲ್ಲಿ ಬಿತ್ತು ಎಂದು ತೋರಿಸಲು ಗಾರ್ನರ್ ಬೆರಳು ಮಾಡುವುದಿಲ್ಲ. ಕಾನ್ವೆಂಟಿನ ಹುಡುಗರ ಮುಂದೆ ಒಂದು ಇಂಗ್ಲಿಷ್ ಪದ ತಪ್ಪು ಉಚ್ಚರಿಸಿ ಕಿವಿ ಕೆಂಪಾದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರೋ, ನಿಮಗೆ ಟಿಪ್ಪಣಿ ಬೇಕಿಲ್ಲ.

ಕಾಲವನ್ನೂ ನೋಡಬೇಕು. 1962ರ ಫೆಬ್ರವರಿಯಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಹಿರಿಯ ನಾಟಕಕಾರರು ಬಿಬಿಸಿ ರೇಡಿಯೋದಲ್ಲಿ ವೇಲ್ಷ್ ಭಾಷೆಯ ಗತಿಯ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಹೀಗೇ ಬಿಟ್ಟರೆ ಭಾಷೆ ಸತ್ತುಹೋಗುತ್ತದೆ ಎಂದು ಎಚ್ಚರಿಸಿದರು. ಅದರ ಬೆನ್ನಿಗೇ ಎಳೆಯರ ಭಾಷಾ ಚಳವಳಿ ಹುಟ್ಟಿತು. ಉಪನ್ಯಾಸದಿಂದ ಚಳವಳಿ ಹುಟ್ಟಿದ್ದನ್ನು ಉಪನ್ಯಾಸಕನಾಗಿ ನಾನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಇದೇ ಲೂಯಿಸ್ ಬ್ಲೊಡೈವೆದ್‌ಳ ಬಗ್ಗೆ ವೇಲ್ಷ್‌ನಲ್ಲಿ ನಾಟಕ ಬರೆದವರು ಎಂಬುದನ್ನೂ ಸೇರಿಸಬೇಕು. 1965ರಲ್ಲಿ ಲಿವರ್‌ಪೂಲ್ ನಗರದ ನೀರಿಗಾಗಿ ಕಾಪೆಲ್ ಕೆಲಿನ್ ಎಂಬ ವೇಲ್ಷ್ ಮಾತಿನ ಹಳ್ಳಿಯನ್ನು ಅಣೆಕಟ್ಟಿನಲ್ಲಿ ಮುಳುಗಿಸಿದರು. ಮಸೂದೆ ಪಾರ್ಲಿಮೆಂಟಿಗೆ ಬಂದಾಗ ವೇಲ್ಸಿನ ಒಬ್ಬ ಸಂಸದನೂ ಅದರ ಪರ ಮತ ಹಾಕಿರಲಿಲ್ಲ. ನಮ್ಮ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ; ಮುಳುಗಡೆ ಅಂದರೆ ಏನೆಂದು ಶರಾವತಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ವೇಲ್ಷ್ ಭಾಷೆಗೆ ಕೋರ್ಟಿನಲ್ಲಿ ಒಂದಿಷ್ಟು ಹಕ್ಕು ಕೊಟ್ಟ ಕಾನೂನು ಬಂದದ್ದು 1967ರಲ್ಲಿ, ಈ ಕಾದಂಬರಿ ಬಂದ ವರ್ಷವೇ. ಕಣಿವೆಯ ಮನೆಗೆ ಇಂಗ್ಲಿಷಿನವರು ರಜೆ ಕಳೆಯಲು ಬರುವುದು, ಅಲ್ಲಿಯವರು ಅವರಿಗೆ ಅಡುಗೆ ಮಾಡುವುದು, ಅಂದಿನ ದಿನಪತ್ರಿಕೆಯ ವಿಷಯ. ಕಾದಂಬರಿಯಲ್ಲಿ ಮನೆ ಇರುವುದು ಆಲಿಸನ್‌ಳ ಹೆಸರಿನಲ್ಲಿ. ಮರಣ ತೆರಿಗೆ ತಪ್ಪಿಸಲು ಅವಳ ತಂದೆ ಸಾಯುವ ಮುಂಚೆ ಮಾಡಿದ ಏರ್ಪಾಡು. ಆದರೆ ಮಾಲಿ ಹ್ಯೂ ಈ ಕಣಿವೆ ತನ್ನದು ಅನ್ನುತ್ತಾನೆ. ಅವನ ಹತ್ತಿರ ಕಾಗದಪತ್ರ ಇಲ್ಲ.

ಈ ಹ್ಯೂ ಕಥೆಯ ಬೇರು. ಅರೆಹುಚ್ಚನೆಂದು ಎಲ್ಲರೂ ನಗುವ ಈ ಮಾಲಿಯೇ ಗ್ವಿನ್‌ನ ತಂದೆ ಎಂದು ಕೊನೆಗೆ ಗೊತ್ತಾಗುತ್ತದೆ. ಹಿಂದೆ ನ್ಯಾನ್ಸಿ ಪ್ರೀತಿಸಿದ್ದು ಈ ಮನೆಯ ಅಂದಿನ ಯಜಮಾನ ಬರ್ಟ್ರಾಮ್‌ನನ್ನು. ಹೊಟ್ಟೆಯುರಿಯಿಂದ ಹ್ಯೂ ಅವನ ಮೋಟಾರ್‌ಸೈಕಲ್ಲಿನ ಬ್ರೇಕು ಕಳಚಿದ. ಕೊಲ್ಲಬೇಕೆಂದಲ್ಲ. ಆದರೆ ಬರ್ಟ್ರಾಮ್ ಸತ್ತ. ಅದಕ್ಕೂ ಹಿಂದಿನ ತಲೆಮಾರಿನಲ್ಲಿ ಬೇರೆ ಮೂವರು. ಪ್ರತಿ ಸಲವೂ ಕಣಿವೆಯಲ್ಲಿ ಹೂವಿನಿಂದಾದ ಆ ಹೆಣ್ಣಿನ ಶಕ್ತಿ ತುಂಬಿ ಬರುತ್ತದೆ. ಹಿರಿಯರು ಅದಕ್ಕೆ ಮದ್ದು ಹುಡುಕದೆ ಕಟ್ಟಿಹಾಕಲು ನೋಡುತ್ತಾರೆ. ಒಬ್ಬ ತಟ್ಟೆಯ ಚಿತ್ತಾರದಲ್ಲಿ ಕಟ್ಟಿದ, ಇನ್ನೊಬ್ಬ ಗೋಡೆಯ ಚಿತ್ರದಲ್ಲಿ. ತಟ್ಟೆ ಅಟ್ಟಕ್ಕೆ ಹೋಯಿತು, ಚಿತ್ರದ ಮೇಲೆ ಗಾರೆ ಬಿತ್ತು, ನ್ಯಾನ್ಸಿ ಬಾಯಿ ಬಿಗಿದುಕೊಂಡಳು. ಮುಚ್ಚಿಟ್ಟದ್ದು ಮುಂದಿನವರ ಪಾಲಿಗೆ ಬಂತು. ಆಲಿಸನ್‌ಳ ತಾಯಿ ಮಾರ್ಗರೆಟ್ ಇಡೀ ಕಾದಂಬರಿಯಲ್ಲಿ ಒಂದು ಸಲವೂ ಮುಖ ತೋರಿಸುವುದಿಲ್ಲ. ಅವಳಿಗೆ ಬೇಜಾರಾಗುತ್ತದೆ, ಅವಳು ಒಪ್ಪುವುದಿಲ್ಲ, ಅವಳಿಗೆ ಗೊತ್ತಾಗದಿರಲಿ ಎಂದು ಎಲ್ಲರೂ ಮೆಲ್ಲಗೆ ನಡೆಯುತ್ತಾರೆ. ಗ್ವಿನ್ ಜೊತೆ ಮಾತಾಡಿದರೆ ಟೆನಿಸ್ ಕ್ಲಬ್ಬು ಬಂದ್ ಎಂಬ ಅಪ್ಪಣೆಗೆ ಆಲಿಸನ್ ತಲೆಬಾಗುತ್ತಾಳೆ. ಕಾಣದ ಈ ತಾಯಿಗೂ ಮೂರು ಶಾಪ ಕೊಟ್ಟ ಆ ತಾಯಿಗೂ ನಂಟು ಹಚ್ಚುವುದನ್ನು ಲೇಖಕರು ನಮಗೇ ಬಿಟ್ಟಿದ್ದಾರೆ.

ಕಾರ್ನಾಡರಿಗೆ ಈಗ ಬರುತ್ತೇನೆ. ಅವರ ನಾಟಕ 'ಯಯಾತಿ' ಪ್ರಕಟವಾದದ್ದು 1961ರಲ್ಲಿ. ಅಪ್ಪನ ಕಾಮಕ್ಕೆ ಬಿದ್ದ ಮುಪ್ಪಿನ ಶಾಪವನ್ನು ಮಗ ಪುರು ಹೊರುವ ಕಥೆ ಮಹಾಭಾರತದಲ್ಲಿ ಪಿತೃಭಕ್ತಿಯ ಮಾದರಿ. ಇಪ್ಪತ್ತು ಆಗಷ್ಟೇ ದಾಟಿದ್ದ ಕಾರ್ನಾಡರು ಅದಕ್ಕೆ ಪುರುವಿನ ಹೆಂಡತಿ ಚಿತ್ರಲೇಖೆಯನ್ನು ತಂದು ಸೇರಿಸಿದರು. ಆ ಒಬ್ಬಳು ಹುಡುಗಿ ಗಂಡನ ಮುಪ್ಪನ್ನು ಒಪ್ಪದೆ ವಿಷ ಕುಡಿದಾಗ ಇಡೀ ಪಿತೃಭಕ್ತಿಯ ಲೆಕ್ಕ ತಲೆಕೆಳಗಾಯಿತು. ಆರು ವರ್ಷಗಳ ಅಂತರದಲ್ಲಿ ಇಬ್ಬರೂ ಒಂದೇ ಕಡೆ ಕೈಯಿಟ್ಟಿದ್ದಾರೆ: ದೊಡ್ಡವರು ತೀರಿಸದೆ ಬಿಟ್ಟದ್ದನ್ನು ಚಿಕ್ಕವರ ಹೆಸರಿಗೆ ಬರೆಯುವ ದಸ್ತಾವೇಜಾಗಿ ಪುರಾಣವನ್ನು ಓದಿದ್ದಾರೆ. ಕಾರ್ನಾಡರದ್ದು ದೊಡ್ಡವರ ರಂಗಭೂಮಿ. ಗಾರ್ನರ್ ಅದೇ ಮಾತನ್ನು ಸಾಲದ ನೋಟೀಸು ಬರುವ ವಯಸ್ಸಿನವರ ಕೈಗೇ ಕೊಟ್ಟರು.

'ದಿ ಔಲ್ ಸರ್ವಿಸ್' ಅನ್ನು ಗ್ರಾನಡಾ ಟೆಲಿವಿಷನ್ ಎಂಟು ಕಂತುಗಳಲ್ಲಿ ತೆಗೆಯಿತು. 1969ರ ಕೊನೆಯಿಂದ 1970ರ ಶುರುವಿನವರೆಗೆ ಪ್ರಸಾರವಾಯಿತು. ಚಿತ್ರಕಥೆ ಗಾರ್ನರ್ ಅವರದೇ. ಅದರಲ್ಲಿ ಒಂದು ಸ್ವಾರಸ್ಯವಿದೆ. ಆಲಿಸನ್‌ಗೆ ಕೆಂಪು ಬಟ್ಟೆ, ಗ್ವಿನ್‌ಗೆ ಕಪ್ಪು, ರಾಜರ್‌ಗೆ ಹಸಿರು. ಅಂದಿನ ಬ್ರಿಟನ್ನಿನ ಕರೆಂಟು ವೈರುಗಳ ಬಣ್ಣ ಅವು, ಫೇಸು, ನ್ಯೂಟ್ರಲ್ಲು, ಅರ್ಥು. ಅಲ್ಲಿ ಆಮೇಲೆ ಬದಲಾಯಿತು. ನಮ್ಮ ಮನೆಗಳ ವೈರಿಂಗಿನಲ್ಲಿ ಇವತ್ತಿಗೂ ಇದೇ ಬಣ್ಣಗಳು ಕಾಣುತ್ತವೆ, ಆದ್ದರಿಂದ ಬೇರೆ ಯಾವ ಪ್ರೇಕ್ಷಕರಿಗಿಂತಲೂ ನಮ್ಮ ಎಲೆಕ್ಟ್ರೀಷಿಯನ್ನರಿಗೆ ಈ ಧಾರಾವಾಹಿ ಬೇಗ ಅರ್ಥವಾದೀತು. ತಟ್ಟೆಗಳು ಬ್ಯಾಟರಿ ಇದ್ದ ಹಾಗೆ, ಶಕ್ತಿ ಅವುಗಳಲ್ಲಿ ಕೂಡಿಟ್ಟಿತ್ತು ಎಂದು ಗ್ವಿನ್ ಊಹಿಸುತ್ತಾನಲ್ಲ, ಅದರ ಮುಂದುವರಿಕೆ ಇದು. ರಾಜರ್‌ಗೆ ಭೂಮಿಗೆ ಇಳಿಸುವ ತಂತಿಯ ಬಣ್ಣ ಯಾಕೆ ಕೊಟ್ಟರು ಎಂಬುದು ಕೊನೆಯ ದೃಶ್ಯದಲ್ಲಿ ಗೊತ್ತಾಗುತ್ತದೆ.

ಅದಕ್ಕೆ ಹೋಗುವ ಮೊದಲು ನಮ್ಮ ಅಂಗಡಿಗಳ ಕಪಾಟಿನ ಬಗ್ಗೆ ಒಂದು ಮಾತು. 2005ರಲ್ಲಿ ಪರ್ಸಿ ಜಾಕ್ಸನ್ ಬಂದ ಮೇಲೆ, ಗ್ರೀಕ್ ದೇವತೆಗಳ ಮಕ್ಕಳು ಅಮೆರಿಕದ ಶಾಲೆಗಳಲ್ಲಿ ಕಾಣಿಸಿಕೊಂಡ ಮೇಲೆ, ಪುರಾಣವನ್ನು ಹದಿಹರೆಯಕ್ಕೆ ಹೊಲಿದು ಕೊಡುವ ಕೆಲಸ ಭರಾಟೆಯಿಂದ ನಡೆದಿದೆ. ನಮ್ಮಲ್ಲೂ ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ಬರುವ ಪುರಾಣ ಕಾದಂಬರಿಗಳಿವೆ. ನಾನು ಅವುಗಳ ವಿರೋಧಿಯಲ್ಲ. ಓದುವ ಚಟ ಹತ್ತಿಸುವ ಯಾವುದನ್ನೂ ನಾನು ಬೈಯುವುದಿಲ್ಲ. ಆದರೆ ಅವುಗಳಲ್ಲಿ ಬಹುಪಾಲಿನಲ್ಲಿ ಹುಡುಗ ತಾನು ದೇವರ ಮಗ ಎಂದು ಕಂಡುಕೊಳ್ಳುತ್ತಾನೆ, ಅಂದರೆ ಮೇಲೇರುತ್ತಾನೆ. ಗ್ವಿನ್ ತಾನು ಕಣಿವೆಯ ಒಡೆಯನ ಮಗ ಎಂದು ಕಂಡುಕೊಂಡಾಗ ಅವನ ಪಾಲಿಗೆ ಬರುವುದು ಅಪ್ಪ ಮಾಡಿದ ಒಂದು ಸಾವು, ಅಮ್ಮನ ದ್ವೇಷ. ವಂಶ ತಿಳಿದದ್ದರಿಂದ ಅವನ ಬದುಕು ಎಳ್ಳಷ್ಟೂ ಹಗುರಾಗುವುದಿಲ್ಲ. ಹದಿನಾರರ ಓದುಗರಿಗೆ ಇದು ಭಾರವಾಯಿತು ಅನ್ನುವ ಮೇಷ್ಟ್ರುಗಳಿದ್ದಾರೆ. ಮನೆಯಲ್ಲಿ ಯಾರ ಸಾಲ ಯಾರ ತಲೆಗೆ ಬಂತೆಂದು ಹದಿನಾರರವರಿಗೆ ಗೊತ್ತಿಲ್ಲ ಎಂದು ತಿಳಿದವರು ಆ ಮೇಷ್ಟ್ರುಗಳು ಮಾತ್ರ.

ದೂರಬೇಕಾದದ್ದೂ ಇದೆ. ಆಲಿಸನ್‌ಗೆ ಲೇಖಕರು ಅನ್ಯಾಯ ಮಾಡಿದ್ದಾರೆ. ಬ್ಲೊಡೈವೆದ್‌ಳನ್ನು ಯಾರೂ ಕೇಳಲಿಲ್ಲ ಎಂದು ನೊಂದುಕೊಂಡು ಬರೆದ ಪುಸ್ತಕವೇ ಆಲಿಸನ್‌ಳನ್ನೂ ಹೆಚ್ಚು ಕೇಳುವುದಿಲ್ಲ. ಗ್ವಿನ್‌ನ ಒಳಗನ್ನು ಬಲ್ಲಷ್ಟು ಅವಳ ಒಳಗನ್ನು ಬಲ್ಲೆವು ಎಂದು ಹೇಳಲಾರೆ. ಅವಳು ಕಾಯಿಲೆ ಬೀಳುತ್ತಾಳೆ, ಗೂಬೆ ಮಾಡುತ್ತಾಳೆ, ಅಳುತ್ತಾಳೆ, ಕೊನೆಗೆ ಮೈಮೇಲೆ ಬಂದವಳ ಹಾಗೆ ಬೀಳುತ್ತಾಳೆ. ನಮ್ಮ ಮರವಾದ ಹುಡುಗಿ ಎಷ್ಟು ಬಿಂದಿಗೆ ನೀರು, ಹೇಗೆ ಹೊಯ್ಯಬೇಕು ಎಂದು ತಾನೇ ಹೇಳಿಕೊಡುತ್ತಾಳೆ. ಆ ಒಂದು ಮಾತು ಆಲಿಸನ್‌ಗೆ ಸಿಗಬೇಕಿತ್ತು.

ಇನ್ನು ಕೊನೆ. ಹೊರಗೆ ಬಿರುಮಳೆ, ಕಣಿವೆಯಿಂದ ಆಚೆ ಹೋಗುವ ದಾರಿ ಕಟ್ಟಿದೆ. ಒಳಗೆ ಆಲಿಸನ್ ಬಿದ್ದಿದ್ದಾಳೆ, ಮೈಮೇಲೆ ಉಗುರಿನ ಗೀರುಗಳು ತಾವಾಗಿ ಮೂಡುತ್ತಿವೆ, ಕೋಣೆ ತುಂಬ ಗರಿ ಹಾರುತ್ತಿದೆ. 'ಒಂದು ಒಳ್ಳೆಯ ಮಾತು ಆಡು' ಎಂದು ಹ್ಯೂ ಮಗನನ್ನು ಅಂಗಲಾಚುತ್ತಾನೆ. ಗ್ವಿನ್ ಬಾಯಿ ಬಿಡುವುದಿಲ್ಲ. ಅವನಿಗೆ ಆದ ಗಾಯ ಅಂಥದ್ದು. ಆಗ ಮುಂದೆ ಬರುವವನು ರಾಜರ್, ಅಣಕಿಸಿದವನು, ಓದುಗರಿಗೆ ಅಷ್ಟು ಹೊತ್ತೂ ಬೇಡವಾದವನು. ಅವನು ಅವಳ ಪಕ್ಕ ಕೂತು, ನೀನು ಗೂಬೆಯಲ್ಲ, ಹೂವು ಎಂದು ಮತ್ತೆ ಮತ್ತೆ ಹೇಳುತ್ತಾನೆ, ಮಗುವನ್ನು ಸಮಾಧಾನ ಮಾಡುವವರ ಹಾಗೆ. ಗರಿಗಳು ಹೂವಿನ ಎಸಳಾಗಿ ಬೀಳುತ್ತವೆ.

ಈ ಕೊನೆಯನ್ನು ಒಪ್ಪದವರು ಇದ್ದಾರೆ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ವೇಲ್ಸಿನ ಕಥೆ, ವೇಲ್ಸಿನ ಕಣಿವೆ, ವೇಲ್ಸಿನ ಹುಡುಗನ ಅವಮಾನ. ಬಿಡುಗಡೆಯ ಪುಣ್ಯ ಮಾತ್ರ ಇಂಗ್ಲಿಷ್ ವ್ಯಾಪಾರಿಯ ಮಗನಿಗೆ. ನೊಂದವನ ಮೇಲೆಯೇ ಕ್ಷಮಿಸುವ ಹೊರೆ ಹೊರಿಸಿ, ಹೊರಲಿಲ್ಲ ಎಂದು ಅವನನ್ನು ಮೂಲೆಯಲ್ಲಿ ನಿಲ್ಲಿಸಿದ್ದಾರೆ ಎನ್ನುವ ಆಕ್ಷೇಪಕ್ಕೆ ಸುಲಭದ ಉತ್ತರವಿಲ್ಲ. ಆದರೂ ಗ್ವಿನ್‌ನನ್ನು ದೊಡ್ಡ ಮನಸ್ಸಿನವನನ್ನಾಗಿ ಮಾಡಿ ಮುಗಿಸಿದ್ದರೆ ಅದು ಓದುಗರಿಗೆ ಕೊಟ್ಟ ಲಂಚವಾಗುತ್ತಿತ್ತು. ಅಷ್ಟು ಹೊಡೆತ ತಿಂದ ಹುಡುಗ ಆ ಗಳಿಗೆಯಲ್ಲಿ ಒಳ್ಳೆಯ ಮಾತು ಆಡಲಾರ. ಅದನ್ನು ಹೇಳುವ ಧೈರ್ಯವನ್ನು ಮಕ್ಕಳ ಪುಸ್ತಕದಲ್ಲಿ ಗಾರ್ನರ್ ತೋರಿಸಿದರು. ಹೊಡೆದವನೇ ಬಂದು ಮದ್ದು ಹಚ್ಚುವುದು ನ್ಯಾಯವಲ್ಲ, ನಡೆಯುವ ಸಂಗತಿ. ಗ್ವಿನ್‌ಗೆ ಮದ್ದು ಹಚ್ಚುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಈ ಕಾದಂಬರಿಯಲ್ಲಿ ಒಂದು ಸಾಲೂ ಇಲ್ಲ. ಗಾರ್ನರ್ ಬರೆಯುವುದನ್ನು ನಿಲ್ಲಿಸಲಿಲ್ಲ. 2022ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, 'ಟ್ರೀಕಲ್ ವಾಕರ್' ಎಂಬ ಪುಟ್ಟ ಕಾದಂಬರಿಯೊಂದಿಗೆ ಬೂಕರ್ ಅಂತಿಮ ಪಟ್ಟಿಗೆ ಬಂದ ಅತ್ಯಂತ ಹಿರಿಯರಾದರು. ಆದರೆ ಗ್ವಿನ್‌ನನ್ನು ಆ ಕೋಣೆಯಲ್ಲಿ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಯೇ ಬಿಟ್ಟರು. ಅವನ ಮುಂದಿನ ಕಥೆಯನ್ನು ವೇಲ್ಸಿನವರೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕೆಂದಿಲ್ಲ, ಚರ್ಚೆಗೆ ಇನ್ನೂ ಹೊತ್ತಿದೆ.